ಗಾಳಿಕಿಂಡಿಯ ಮೇಲೆ ಮೂರು ಪಟ್ಟೆ ವಿಭೂತಿ

ಆಗ ನನಗೆ ಅರವತ್ತೆಂಟು ವರ್ಷ. ಈ ಮಾತಿಗೆ ಈಗ ಐದು ವರ್ಷ ತುಂಬಿತು. ಆ ವರ್ಷದ ಆಯುಧಪೂಜೆಯ ದಿನ ನಮ್ಮ ಅಂಗಡಿಯ ಕಂಪ್ಯೂಟರಿಗೆ ಎಣ್ಣೆನೀರು ಒಂದನ್ನು ಬಿಟ್ಟು ಮಿಕ್ಕ ಉಪಚಾರವನ್ನೆಲ್ಲ ಮಾಡಿದೆ. ಪರದೆಯ ನೆತ್ತಿಗೆ ಕುಂಕುಮ, ಪ್ರಿಂಟರಿನ ಕೊರಳಿಗೆ ಚೆಂಡುಹೂವಿನ ಸರ, ಕೀಬೋರ್ಡಿನ ಮೂಲೆಗೊಂದು ಸೇವಂತಿಗೆ, ಕರೆಂಟು ಹೋದಾಗ ಕಾಪಾಡುವ ಯುಪಿಎಸ್ಸಿನ ಮುಂದೆ ಕುಂಕುಮ ಮೆತ್ತಿದ ನಿಂಬೆಹೋಳು. ಕೊನೆಗೆ ಮೇಜಿನ ಕೆಳಗಿದ್ದ ಉದ್ದನೆಯ ಕಪ್ಪು ಡಬ್ಬದ ಸರದಿ ಬಂತು. ತಿಳಿದವರು ಅದನ್ನು ಸಿಪಿಯು ಅನ್ನುತ್ತಾರೆ, ನಾನು ಡಬ್ಬ ಅಂತಲೇ ಅನ್ನುತ್ತೇನೆ. ವಿಭೂತಿಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿಗೂ ದಪ್ಪವಾಗಿ ಹತ್ತಿಸಿಕೊಂಡು ಡಬ್ಬದ ಮುಂಭಾಗಕ್ಕೆ ಎಳೆದರೆ, ಆ ನುಣುಪು ಪ್ಲಾಸ್ಟಿಕ್ಕಿನ ಮೇಲೆ ಅದು ನಿಲ್ಲಲೇ ಇಲ್ಲ, ಹನಿಹನಿಯಾಗಿ ಜಾರಿತು. ತಿರುಗಿಸಿ ಹಿಂಬದಿ ನೋಡಿದೆ. ಒರಟು ತಗಡು, ಅದರಲ್ಲಿ ಜರಡಿಯ ಹಾಗೆ ಒತ್ತೊತ್ತಾಗಿ ತೂತು. ಎಂಥ ಒಳ್ಳೆಯ ಹಣೆ ಅನ್ನಿಸಿತು. ಆ ತೂತುಗಳ ಮೇಲೆ ಹೆಬ್ಬೆರಳಗಲದ ಮೂರು ಪಟ್ಟೆಗಳನ್ನು ದಟ್ಟವಾಗಿ ಎಳೆದೆ. ನೆತ್ತಿಯ ಕಿಂಡಿಯ ಮೇಲೆ ಒಂದು ಚಿಟಿಕೆ ಒಣ ವಿಭೂತಿಯನ್ನೂ ಉದುರಿಸಿದೆ. ಆಮೇಲೆ ಆರತಿ ಎತ್ತಿ, ಹುಣ್ಣಿಮೆಯವರೆಗೆ ಇದನ್ನು ಯಾರೂ ಒರೆಸಕೂಡದು, ತಾನಾಗಿ ಉದುರಿದರೆ ಉದುರಲಿ ಎಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ. ನಮ್ಮ ಮನೆಯ ಪದ್ಧತಿ ಹಾಗೆ. ಆಯುಧಕ್ಕೆ ಇಟ್ಟ ವಿಭೂತಿಯನ್ನು ಕೈಯಾರೆ ಒರೆಸಿದರೆ ಯಂತ್ರ ವರ್ಷವೆಲ್ಲ ಮುನಿದಿರುತ್ತದೆ ಎಂದು ನಮ್ಮತ್ತೆ ನನಗೆ ಹೇಳಿದ್ದರು, ನಾನು ನನ್ನ ಸೊಸೆ ಶೈಲಜಳಿಗೆ ಹೇಳಿದ್ದೆ.

ನಾನು ಯಂತ್ರ ಕಾಣದವಳಲ್ಲ, ಅದನ್ನು ಮೊದಲೇ ತಿಳಿಸಿಬಿಡುತ್ತೇನೆ. ಇಲವಾಲದಲ್ಲಿ ನಾಲ್ಕನೆಯ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು, ಮದುವೆಯಾಗಿ ಬೋಗಾದಿಗೆ ಬಂದಾಗ ಇಲ್ಲಿ ಲೇಔಟೂ ಇರಲಿಲ್ಲ, ಕಾಲೇಜು ಹುಡುಗರೂ ಇರಲಿಲ್ಲ. ಇದ್ದ ಹೊಲಗಳ ನಡುವೆ ನನ್ನ ಗಂಡನ ಮನೆಯವರ ಹಿಟ್ಟಿನ ಗಿರಣಿಯೊಂದು ಟುಕುಟುಕು ಅನ್ನುತ್ತಿತ್ತು. ನಲವತ್ತು ವರ್ಷ ಆ ಗಿರಣಿಯನ್ನು ನಾನೂ ನಡೆಸಿದೆ. ಬೆಲ್ಟು ಜಾರುವ ಮುಂಚೆ ಅದರ ಸದ್ದು ಹೇಗೆ ಎಳೆಯುತ್ತದೆ, ಕಲ್ಲು ಕಾದಾಗ ರಾಗಿಹಿಟ್ಟು ಹೇಗೆ ಕಮಟುತ್ತದೆ, ಮೋಟಾರಿಗೆ ಉಸಿರು ಕಟ್ಟಿದರೆ ಅಂಗೈ ಇಟ್ಟವರಿಗೆ ಅದು ಹೇಗೆ ಗೊತ್ತಾಗುತ್ತದೆ, ಇವೆಲ್ಲ ಯಾವ ಪುಸ್ತಕದಲ್ಲಿದೆಯೋ ನನಗೆ ತಿಳಿಯದು, ನನ್ನ ಕೈಯಲ್ಲಿ ಮಾತ್ರ ಇದೆ. ಜನ ಪ್ಯಾಕೆಟ್ಟಿನ ಹಿಟ್ಟಿಗೆ ಹೊರಳಿದ ಮೇಲೆ ಗಿರಣಿ ನಿಂತಿತು. ಕಲ್ಲುಗಳನ್ನು ಹಿತ್ತಲಿಗೆ ಉರುಳಿಸಿ, ಆ ಕೋಣೆಯಲ್ಲಿ ಶೈಲಜ ಟೈಪಿಂಗು, ಪ್ರಿಂಟಿನ ಅಂಗಡಿ ತೆರೆದಳು. ಬೋರ್ಡಿಗೆ ಅವಳು ಬರೆಸಿದ ಚೆಂದದ ಹೆಸರನ್ನು ಯಾರೂ ಓದಲಿಲ್ಲ. ಈಗಲೂ ಅದು ಗಿರಣಿ ಅಂಗಡಿ, ನಾನು ಗಿರಣಿ ಅಜ್ಜಿ. ಅಲ್ಲಿಗೆ ಬಂದು ಕೂತ ಈ ಕಂಪ್ಯೂಟರು ನನಗೆ ಮೊದಮೊದಲು ಒಗ್ಗಲಿಲ್ಲ. ದುಡಿಯುವ ಯಂತ್ರವೆಂದರೆ ಸದ್ದು ಮಾಡಬೇಕು. ಇದೋ, ಕೆಲಸ ಮಾಡುತ್ತಿದೆಯೋ ತೂಕಡಿಸುತ್ತಿದೆಯೋ ಹೇಳುವ ಹಾಗಿಲ್ಲ, ನಮ್ಮ ಬೀಗರ ಕಡೆಯವರ ಹಾಗೆ. ಆದರೂ ಮನೆಗೆ ಬಂದದ್ದಕ್ಕೆ ಪೂಜೆ ತಪ್ಪಿಸುವುದುಂಟೇ?

ಹಿಂದಿನ ವರ್ಷಗಳಲ್ಲಿ ಶೈಲಜಳೇ ಅದಕ್ಕೆ ಒಂದು ಹೂವಿಟ್ಟು ಮುಗಿಸುತ್ತಿದ್ದಳು. ಆ ವರ್ಷ ನಾನೇ ಕೈಹಾಕಿದ್ದಕ್ಕೆ ಕಾರಣ ಮಾದೇವಿ. ಅವಳು ನಮ್ಮ ಮಾಳಿಗೆಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಯಳಂದೂರು ಕಡೆಯ ಹೆಣ್ಣುಮಗಳು. ಯೂನಿವರ್ಸಿಟಿಯಲ್ಲಿ ತನ್ನ ತಾಲೂಕಿನ ಕೆರೆಗಳ ಮೇಲೆ ದೊಡ್ಡ ಪ್ರಬಂಧ ಬರೆಯುತ್ತಿದ್ದಳು. ಯಾವ ಕೆರೆಗೆ ಯಾಕೆ ಆ ಹೆಸರು, ಯಾರು ಕಟ್ಟೆ ಹಾಕಿದರು, ಈಗ ಅಲ್ಲಿ ನೀರಿದೆಯೋ ಸೈಟಿದೆಯೋ, ಎಲ್ಲವನ್ನೂ ಊರೂರು ತಿರುಗಿ ಕೇಳಿಕೊಂಡು ಬಂದಿದ್ದಳು. ಕೈಯಲ್ಲಿ ಬರೆದರೇ ಅವಳಿಗೆ ಬುದ್ಧಿ ಓಡುತ್ತಿದ್ದುದು, ಹಾಗಾಗಿ ನೋಟುಬುಕ್ಕು ತಂದು ಕೊಡುತ್ತಿದ್ದಳು, ಶೈಲಜ ಟೈಪು ಮಾಡುತ್ತಿದ್ದಳು. ಐದು ವರ್ಷದ ಕೆಲಸ ಅದು. ಕೊಟ್ಟ ಗಡುವು ಮುಗಿದು, ಬೇಡಿ ಪಡೆದ ಗಡುವೂ ಮುಗಿಯುತ್ತ ಬಂದು, ವಿಜಯದಶಮಿಯಾದ ಮೂರನೆಯ ದಿನವೇ ಕಡೇ ದಿನ ಎಂದು ನಿಂತಿತ್ತು. ಗೈಡು ಕೊನೆಯ ತಿದ್ದುಪಡಿಯನ್ನು ಹಬ್ಬದ ಹಿಂದಿನ ದಿನ ಕೊಟ್ಟಿದ್ದರು. ಇನ್ನು ತಿದ್ದಿ, ಐದು ಪ್ರತಿ ಪ್ರಿಂಟು ತೆಗೆದು, ಬೈಂಡು ಮಾಡಿಸಿ ಕೊಡುವುದೊಂದೇ ಬಾಕಿ. ಇಷ್ಟು ದೊಡ್ಡ ಕೆಲಸ ಹೊತ್ತ ಯಂತ್ರಕ್ಕೆ ಒಂದು ಹೂವು ಸಾಲದು ಎಂದು ನನಗೆ ತೋರಿತು. ಎಲ್ಲ ಕೆಟ್ಟದ್ದು ಆ ಒಳ್ಳೆಯ ಬುದ್ಧಿಯಿಂದಲೇ.

ವಿಜಯದಶಮಿ ಕಳೆದು ಮರುದಿನ ಅಂಗಡಿ ತೆರೆದರು. ಕಂಪ್ಯೂಟರು ಚೆನ್ನಾಗಿಯೇ ಎದ್ದಿತು. ಶೈಲಜ ಎರಡು ಪುಟ ತಿದ್ದಿದಳು, ಅಷ್ಟರಲ್ಲಿ ದೀಪ ಆರಿಸಿದ ಹಾಗೆ ಆರಿತು. ಮತ್ತೆ ಒತ್ತಿದರೆ ಎದ್ದಿತು, ಮತ್ತೆ ಹತ್ತು ನಿಮಿಷಕ್ಕೆ ಆರಿತು. ಮಧ್ಯಾಹ್ನದ ಹೊತ್ತಿಗೆ ಐದು ನಿಮಿಷವೂ ನಿಲ್ಲಲಿಲ್ಲ. ಬರೆದದ್ದರ ಒಂದು ನಕಲು ಪೆನ್‌ಡ್ರೈವಿನಲ್ಲಿ ಇತ್ತು, ನಿಜ. ಆದರೆ ಶೈಲಜಳ ಕನ್ನಡ ಟೈಪಿನ ಸಾಫ್ಟ್‌ವೇರು ಬಹಳ ಹಳೆಯದು, ಆ ಡಬ್ಬದಲ್ಲಿ ಬಿಟ್ಟರೆ ಬೇರೆ ಕಡೆ ಇರಲಿಲ್ಲ. ಪಕ್ಕದ ಬೀದಿಯ ಅಂಗಡಿಯಲ್ಲಿ ಆ ಪೆನ್‌ಡ್ರೈವ್ ತೆರೆದಾಗ ಕೆರೆಗಳ ಹೆಸರೆಲ್ಲ ಒಡೆದ ಬಳೆಚೂರಿನ ಹಾಗೆ ಪರದೆಯ ತುಂಬ ಚೆಲ್ಲಿತ್ತಂತೆ. ಮಾದೇವಿ ಬಂದು ನಮ್ಮ ಹೊಸಲಿನ ಮೇಲೆ ಕೂತಳು. ಅವಳು ಅಳುವವಳಲ್ಲ, ಆದರೆ ದನಿ ಒಣಗಿತ್ತು.

“ನಾಡಿದ್ದು ಕೊಡ್ನಿಲ್ಲ ಅಂದ್ರೆ ಹೆಸರೇ ಹೊಡ್ದಾಕ್ತರೆ ಕಣಜ್ಜಿ. ಮೊದ್ಲಿಂದ ಸೇರ್ಕಬೇಕು. ಅಷ್ಟ್ ಹೊತ್ಗೆ ನಮ್ಮೂರ್ ಕೆರೇನೂ ಇರಲ್ಲ, ನಾನೂ ಇರಲ್ಲ.”

ನೀನಿರುತ್ತೀಯ, ಕೆರೆಯದು ಗೊತ್ತಿಲ್ಲ ಅಂದೆ. ನನಗೆ ಸಮಾಧಾನ ಹೇಳಲು ಬರುವುದು ಅಷ್ಟೇ.

ಸಂಜೆಗೆ ರಿಪೇರಿಯ ಪ್ರಸನ್ನ ಬಂದ. ಜಯಲಕ್ಷ್ಮಿಪುರಂನಲ್ಲಿ ಅವನ ಅಂಗಡಿ; ನಲವತ್ತು ದಾಟಿದ ಮನುಷ್ಯ, ಹಬ್ಬದ ಅವಸರದಲ್ಲಿ ನೆಂಟರನ್ನು ಬೈಕಿನಲ್ಲೇ ಕೂರಿಸಿಕೊಂಡು ಬಂದಿದ್ದ. ಎರಡು ಸಲ ಒತ್ತಿದ, ಎರಡು ಸಲ ಆರಿದ್ದನ್ನು ನೋಡಿದ. ಮುಚ್ಚಳ ಬಿಚ್ಚಿ ನೋಡಿ ಎಂದು ಶೈಲಜ ಕೇಳಿಕೊಂಡಳು. ಅವನು ಡಬ್ಬವನ್ನು ತಿರುಗಿಸಿದ, ಹಿಂದೆ ವಿಭೂತಿಯನ್ನು ಕಂಡ, ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ.

“ಪೂಜೆ ಆಗದಲ್ಲ, ಈಗ್ ಬಿಚ್ಚೋದ್ ಬ್ಯಾಡ. ಬಿಚ್ಚಿದ್ರೂ ಅಷ್ಟೇಯ, ಬೋರ್ಡು ಹೋಗ್ಬುಟ್ಟದೆ. ಹೊಸ್ದೇ ತಗೊಂಬುಡಿ, ವಾರ್ದಲ್ಲಿ ಹಾಕ್ಕೊಡ್ತೀನಿ.”

ಎಂಥ ಸಂಸ್ಕಾರವಂತ, ಪೂಜೆಯಾದ ವಸ್ತುವಿಗೆ ಸ್ಕ್ರೂಡ್ರೈವರು ಹಾಕಲಿಲ್ಲ ಎಂದು ನಾನು ಅವನನ್ನು ಹೊಗಳಿದೆ, ಒಂದು ಲೋಟ ಕಾಫಿ ಹೆಚ್ಚಾಗಿಯೇ ಕೊಟ್ಟೆ. ಇದನ್ನು ಬರೆಯುವಾಗ ಈಗಲೂ ಕೆನ್ನೆ ಬೆಚ್ಚಗಾಗುತ್ತದೆ. ಆದ್ದರಿಂದ ನಿಮಗೆ ಮೊದಲನೆಯ ಮಾತು ಹೇಳುತ್ತೇನೆ, ಸ್ವಾಮಿ: ಮುಚ್ಚಳ ಬಿಚ್ಚದೆ ಬೋರ್ಡು ಹೋಗಿದೆ ಅನ್ನುವವನು, ನಾಡಿ ಹಿಡಿಯದೆ ಮದ್ದು ಬರೆಯುವವನು, ಇಬ್ಬರಿಗೂ ಕಾಫಿ ಕೊಡಬೇಡಿ. ಹೊಸದು ತಗೊಳ್ಳಿ ಅನ್ನುವುದಕ್ಕೆ ಬಾಯಿ ಸಾಕು, ಹಳೆಯದು ಯಾಕೆ ನಿಂತಿತು ಅನ್ನುವುದಕ್ಕೆ ಕೈ ಬೇಕು.

ಮರುದಿನ, ಅಂದರೆ ಕಡೇ ದಿನದ ಹಿಂದಿನ ದಿನ, ಶೈಲಜ ಮಾದೇವಿ ಇಬ್ಬರೂ ಬೆಳಿಗ್ಗೆಯೇ ಬಸ್ಸು ಹತ್ತಿ, ಆ ಹಳೆಯ ಸಾಫ್ಟ್‌ವೇರು ಇನ್ನೂ ಉಳಿದಿರುವ ಅಂಗಡಿ ಎಲ್ಲಾದರೂ ಇದೆಯೇ ಎಂದು ಹುಡುಕಲು ಪೇಟೆಗೆ ಹೋದರು. ನಾನು ಅಂಗಡಿ ಕಾಯಲು ಕೂತೆ. ಮೊರದಲ್ಲಿ ಬೆಳ್ಳುಳ್ಳಿ, ಎದುರಿಗೆ ಸತ್ತ ಹಾಗೆ ಮಲಗಿದ ಕಂಪ್ಯೂಟರು. ಸ್ವಲ್ಪ ಹೊತ್ತು ಬೆಳ್ಳುಳ್ಳಿ ಸುಲಿದೆ. ಆಮೇಲೆ ತಡೆಯಲಾರದೆ ಗುಂಡಿ ಒತ್ತಿದೆ, ಎದ್ದಿತು. ಎದ್ದದ್ದು ಯಾಕೆ ಆರುತ್ತದೆ? ಗಿರಣಿಯ ಕಾಲದಲ್ಲಿ ಮೋಟಾರು ತಾನಾಗಿ ನಿಂತರೆ ನಾವು ಮೊದಲು ಮಾಡುತ್ತಿದ್ದ ಕೆಲಸ ಅದರ ಹೊಟ್ಟೆಗೆ ಅಂಗೈ ಇಡುವುದು, ಆಮೇಲೆ ಅದರ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ ಎಂದು ನೋಡುವುದು. ಅಭ್ಯಾಸದ ಮೇಲೆ ಕೈ ತಾನೇ ಹೋಯಿತು. ಡಬ್ಬದ ಪಕ್ಕ ಮುಟ್ಟಿದರೆ ಒಲೆಯಿಂದ ಆಗಷ್ಟೇ ಇಳಿಸಿದ ಕಾವಲಿ. ಹಿಂಬದಿಗೆ ಕೈ ಹಿಡಿದೆ. ಹಿಂದೊಮ್ಮೆ ಕಸ ಗುಡಿಸುವಾಗ ಅಲ್ಲಿ ಬಿಸಿಗಾಳಿ ಕಾಲಿಗೆ ಬಡಿದದ್ದು ನೆನಪಿತ್ತು. ಈಗ ಗಾಳಿಯ ಸುಳಿವೂ ಇಲ್ಲ. ಫೋನಿನ ಬೆಳಕು ಬಿಟ್ಟು, ನೆಲಕ್ಕೆ ಕೂತು, ಬಗ್ಗಿ ನೋಡಿದೆ. ನನ್ನ ಮೂರು ಪಟ್ಟೆಗಳು ಒಣಗಿ, ಗಾರೆ ಮೆತ್ತಿದ ಹಾಗೆ ಒಂದೊಂದು ತೂತನ್ನೂ ಬಿಡದೆ ಮುಚ್ಚಿ, ಬೆಳ್ಳಗೆ ಹೊಳೆಯುತ್ತಿದ್ದವು.

ಗಿರಣಿಯ ಮೋಟಾರು ಎಮ್ಮೆಯಂಥದ್ದು, ಮೈಮೇಲೆ ಸೇರು ವಿಭೂತಿ ಮೆತ್ತಿದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಇದು ಮೂಗಿನಲ್ಲಿ ಮಾತ್ರ ಉಸಿರಾಡುವ ಯಂತ್ರ, ನಾನು ಹಣೆ ಎಂದುಕೊಂಡು ಮೂಗು ಮುಚ್ಚಿದ್ದೆ. ಸರಿ, ತಿಳಿಯಿತು. ಈಗ ಒರೆಸಬೇಕು. ಹುಣ್ಣಿಮೆಗೆ ಇನ್ನೂ ಮೂರು ದಿನ, ಯಾರೂ ಮುಟ್ಟಬಾರದೆಂದು ಮನೆಮಂದಿಯ ಎದುರು ಆಣೆಯ ಹಾಗೆ ಹೇಳಿದವಳು ನಾನೇ. ಮುಟ್ಟದೆ ಬಿಟ್ಟರೆ ಆ ಹುಡುಗಿಯ ಐದು ವರ್ಷ ನಾಳೆ ಸಂಜೆಗೆ ಮುಗಿಯುತ್ತದೆ. ಮದುವೆಯಾದಾಗಿನಿಂದ ನಡೆಸಿಕೊಂಡು ಬಂದದ್ದನ್ನು ಮುರಿಯಲು ಬಹಳ ಯೋಚಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಯೋಚಿಸಲಿಲ್ಲ. ಯಂತ್ರ ಮುನಿಯುವುದಾದರೆ ನನ್ನ ಮೇಲೆ ಮುನಿದುಕೊಳ್ಳಲಿ, ನಾನು ತಡೆದುಕೊಳ್ಳುತ್ತೇನೆ, ಆ ಹುಡುಗಿಗೆ ಪುರುಸೊತ್ತಿಲ್ಲ ಎಂದುಕೊಂಡು ಯುಪಿಎಸ್ಸಿನಿಂದ ಡಬ್ಬದ ಪ್ಲಗ್ಗು ಕಿತ್ತೆ.

ಇಲ್ಲಿ ನೀವು ಗಮನ ಕೊಡಬೇಕು, ಯಾಕೆಂದರೆ ನಾಳೆ ನಿಮ್ಮ ಮನೆಯಲ್ಲೂ ಇದೇ ಆಗಬಹುದು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕಿತ್ತ ಮೇಲೂ ಗುಂಡಿಯನ್ನು ಒಂದು ಸಲ ಒತ್ತಿ ಹಿಡಿದರೆ ಒಳಗೆ ಉಳಿದ ಚೂರುಪಾರು ಕರೆಂಟು ಇಳಿದುಹೋಗುತ್ತದೆ. ಒಳಗೆ ಕೈ ಹಾಕುವ ಮುಂಚೆ ಡಬ್ಬದ ಬರಿಯ ತಗಡನ್ನು ಮುಟ್ಟಿ. ಕರೆಂಟಿನ ತಂತಿ ಸೇರುವ ಕಡೆ ಪುಟ್ಟ ಪೆಟ್ಟಿಗೆಯೊಂದಿರುತ್ತದೆ, ಅದರ ಹೊರಗಿನ ಜಾಲರಿಯನ್ನು ಗುಡಿಸಿ, ಅದನ್ನು ಮಾತ್ರ ಎಂದೂ ಬಿಚ್ಚಬೇಡಿ. ಎರಡು ಸ್ಕ್ರೂ ತೆಗೆದರೆ ಪಕ್ಕದ ಹಲಗೆ ಬಾಗಿಲಿನ ಹಾಗೆ ಸರಿಯುತ್ತದೆ. ನಾನು ಸರಿಸಿದೆ. ಒಳಗೆ ಕಂಡದ್ದು ನನಗೆ ಹಳೇ ಪರಿಚಯ. ಫ್ಯಾನಿನ ಕೆಳಗೆ ಬಾಚಣಿಗೆಯಂಥ ತಗಡಿನ ಹಲ್ಲುಗಳ ನಡುವೆ ಕಂದು ಬಣ್ಣದ ಮೆತ್ತೆ. ಬೆರಳಲ್ಲಿ ತಿಕ್ಕಿ ಮೂಸಿದರೆ ರಾಗಿಹಿಟ್ಟು. ಗಿರಣಿ ನಿಂತು ಎಷ್ಟೋ ವರ್ಷವಾಗಿದ್ದರೂ ಸೂರಿನ ತೊಲೆಗಳಿಂದ ಉದುರುತ್ತಲೇ ಇದ್ದ ಹಿಟ್ಟು, ಅದರ ಮೇಲೆ ನೆತ್ತಿಯಿಂದ ನಾನು ಉದುರಿಸಿದ ವಿಭೂತಿ, ಎರಡೂ ಸೇರಿ ಮುದ್ದೆ ಕಟ್ಟಲು ನೀರೊಂದು ಕಡಿಮೆ. ನಕ್ಕುಬಿಟ್ಟೆ. ನಲವತ್ತು ವರ್ಷ ಬೀಸಿದ ಊರಿನ ರಾಗಿಯೆಲ್ಲ ಇದರ ಹೊಟ್ಟೆಗೇ ಹೋಗಿದೆ ಅನ್ನಿಸಿತು.

ದೀಪಾವಳಿಗೆ ಸುಣ್ಣಬಣ್ಣಕ್ಕೆಂದು ತಂದಿಟ್ಟಿದ್ದ ಹೊಸ ಬ್ರಷ್ಷು ಇತ್ತು. ಒಣ ಬ್ರಷ್ಷು, ಒದ್ದೆ ಬಟ್ಟೆ ಕೂಡದು, ಬಾಯಿಂದ ಊದುವುದೂ ಕೂಡದು, ಊದಿದರೆ ಗಾಳಿಗಿಂತ ಎಂಜಲೇ ಹೆಚ್ಚು ಬೀಳುತ್ತದೆ, ನನ್ನ ಹಾಗೆ ಹಲ್ಲು ಬಿದ್ದವರಿಗಂತೂ. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಲ್ಲಿ ತಡೆದು ಹಿಡಿದು ಗುಡಿಸಬೇಕು, ಸುಮ್ಮನೆ ತಿರುಗಿಸಿದರೆ ಅದರ ಕೀಲು ಸಡಿಲವಾಗುತ್ತದೆ. ಹಲ್ಲುಗಳ ಸಂದಿಗೆ ತೆಂಗಿನಗರಿಯ ಕಡ್ಡಿ ಆಗುತ್ತದೆ, ಕಬ್ಬಿಣದ ಪಿನ್ನು ಬೇಡ. ಹಿಂಬದಿಯ ಮೂರು ಪಟ್ಟೆಗಳನ್ನು ಅದೇ ಕಡ್ಡಿಯಿಂದ, ಪುಡಿ ಒಳಗೆ ಬೀಳದ ಹಾಗೆ ಡಬ್ಬವನ್ನು ಬಗ್ಗಿಸಿಕೊಂಡು, ತೂತು ತೂತಾಗಿ ಬಿಡಿಸಿದೆ. ಉದುರಿದ ವಿಭೂತಿಯನ್ನು ಕಾಗದದಲ್ಲಿ ಹಿಡಿದು ತುಳಸಿಯ ಬುಡಕ್ಕೆ ಹಾಕಿದೆ. ಅಷ್ಟು ಮರ್ಯಾದೆ ಉಳಿಸಿಕೊಂಡೆ. ಮುಚ್ಚಳ ಹಾಕಿ, ಪ್ಲಗ್ಗು ಸಿಕ್ಕಿಸಿ, ಗುಂಡಿ ಒತ್ತಿ, ಹಿಂದೆ ಅಂಗೈ ಹಿಡಿದೆ. ಬಿಸಿಗಾಳಿ ಭರ್ರನೆ ಬಂದು ಬಡಿಯಿತು. ಹತ್ತು ನಿಮಿಷವಾಯಿತು, ಆರಲಿಲ್ಲ. ಇಪ್ಪತ್ತಾಯಿತು. ಗೆದ್ದೆ ಅನ್ನಲು ಧೈರ್ಯವಾಗದೆ ಒಂದು ಕೈ ಡಬ್ಬದ ಮೇಲೆಯೇ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತೆ.

ಹೀಗೆ ಯಂತ್ರದ ಮೈಮೇಲೆ ಕೈಯಿಟ್ಟು ಕೂತವರಿಗೆ ಏನೇನೋ ಹೊಳೆಯುತ್ತದೆ. ಅವತ್ತಿನಿಂದ ಶುರುವಾದ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ನಮ್ಮ ಹೆಂಗಸರಿಗೆ ಮನೆಗೆ ಬಂದ ಪ್ರತಿ ವಸ್ತುವಿಗೂ ಒಂದು ಲಂಗ ಹೊಲಿದು ತೊಡಿಸುವ ಚಟ. ಟಿವಿಗೆ ಕಸೂತಿ, ಮಿಕ್ಸಿಗೆ ಗೌನು, ಮೂಲೆಯಲ್ಲಿ ಮಿಣಿಮಿಣಿ ಅನ್ನುವ ವೈಫೈ ಡಬ್ಬಿಗೂ ಕ್ರೋಷಾದ ಟೋಪಿ; ಆಮೇಲೆ ನೆಟ್ಟು ನಿಧಾನ ಎಂದು ಕಂಪನಿಯವರಿಗೆ ಬೈಗುಳ. ಟೋಪಿ ತೆಗೆಯಿರಿ, ಅದನ್ನು ಸ್ಟೀಲಿನ ಬೀರುವಿನ ಹಿಂದಿನಿಂದ ಎತ್ತಿ ನಡುಮನೆಯ ಎತ್ತರದ ಗೂಡಿನಲ್ಲಿಡಿ, ಅರ್ಧ ಕಾಯಿಲೆ ವಾಸಿ. ಮಡಿಲ ಮೇಲಿಡುವ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೆ ಹೊದಿಕೆಯೇ ಅದರ ಮೂಗು ಮುಚ್ಚುತ್ತದೆ, ಕೆಳಗೊಂದು ಮಣೆ ಕೊಡಿ. ಪ್ರಿಂಟರನ್ನು ತಿಂಗಳುಗಟ್ಟಲೆ ಸುಮ್ಮನೆ ಕೂರಿಸಿದರೆ ಶಾಯಿ ಮೂಗಿನಲ್ಲೇ ಒಣಗುತ್ತದೆ. ವಾರಕ್ಕೊಂದು ಬಣ್ಣದ ಹಾಳೆ ತೆಗೆಯಿರಿ, ಬೇಕಾದರೆ ಮೊಮ್ಮಗಳ ಚಿತ್ರ, ಬೇಡವಾದರೆ ಪಕ್ಕದ ಮನೆಯವರದು. ಮಳೆಗಾಲದಲ್ಲಿ ಕಾಗದ ಸಿಕ್ಕಿಕೊಂಡರೆ ಪ್ರಿಂಟರನ್ನು ಬಡಿಯಬೇಡಿ, ಕಾಗದವೇ ತೇವ ಕುಡಿದಿರುತ್ತದೆ. ಹಪ್ಪಳದ ಡಬ್ಬದಲ್ಲಿ ಮುಚ್ಚಿಡಿ, ಹಾಕುವ ಮುಂಚೆ ಇಸ್ಪೀಟಿನ ಹಾಗೆ ಒಮ್ಮೆ ಬೀಸಿ ಬಿಡಿಸಿ.

ಫೋನು ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಹೂಳಬೇಕಂತೆ. ಗಿರಣಿಯವಳು ಹೇಳುತ್ತೇನೆ ಕೇಳಿ, ಅಕ್ಕಿಯ ಮೈತುಂಬ ಹಿಟ್ಟು. ನಾನೂ ಒಮ್ಮೆ ಹೂಳಿದೆ. ನೀರು ಹೊರಗೆ ಬಂತೋ ಇಲ್ಲವೋ, ಚಾರ್ಜರು ಹಾಕುವ ತೂತಿನ ತುಂಬ ನುಚ್ಚು ಬಂತು. ಆ ಅಕ್ಕಿಯನ್ನು ಅನ್ನ ಮಾಡಿ ಉಂಡೆವು, ಫೋನು ಮಾತ್ರ ಏಳಲಿಲ್ಲ. ಕೂಡಲೇ ಆರಿಸಿ, ಒರೆಸಿ, ಫ್ಯಾನಿನ ಗಾಳಿಗೆ ಒಂದು ದಿನ ನಿಲ್ಲಿಸಿ, ಅವಸರಪಟ್ಟು ಗುಂಡಿ ಒತ್ತಬೇಡಿ. ಚಾರ್ಜು ಆಗುತ್ತಿಲ್ಲವೆಂದು ಹೊಸ ಚಾರ್ಜರು ತರುವ ಮುಂಚೆ ಫೋನಿನ ಆ ತೂತಿಗೆ ಬೆಳಕು ಬಿಟ್ಟು ನೋಡಿ. ಜೇಬಿನ ದಾರದ ಎಳೆಗಳು ಹಾಸಿಗೆ ಹಾಕಿಕೊಂಡಿರುತ್ತವೆ, ಫೋನು ಆರಿಸಿ ಮರದ ಕಡ್ಡಿಯಲ್ಲಿ ಮೆಲ್ಲಗೆ ಎಬ್ಬಿಸಿ. ಕಂಪ್ಯೂಟರಿನ ಗಡಿಯಾರ ದಿನಾ ಬೆಳಿಗ್ಗೆ ಹಳೇ ವರ್ಷಕ್ಕೆ ಹೋಗುತ್ತಿದ್ದರೆ ಗಾಬರಿ ಬೇಡ, ಒಳಗೆ ಬಿಲ್ಲೆಯಂಥ ಸಣ್ಣ ಬ್ಯಾಟರಿ ಸತ್ತಿದೆ, ಅಷ್ಟೇ. ನನ್ನ ವಯಸ್ಸಿನವರಿಗೂ ಹಾಗಾಗುತ್ತದೆ, ನಮಗೆ ಬಿಲ್ಲೆ ಸಿಗುವುದಿಲ್ಲ. ಹಳೇ ಡಬ್ಬ ತೆವಳುತ್ತಿದ್ದರೆ ಇಡಿಯಾಗಿ ಎಸೆಯಬೇಡಿ. ತಟ್ಟೆ ತಿರುಗುವ ಹಳೇ ಡಿಸ್ಕು ತೆಗೆಸಿ ತಿರುಗದ ಹೊಸ ಡಿಸ್ಕು ಹಾಕಿಸಿದರೆ ಮದುವಣಗಿತ್ತಿಯ ಹಾಗೆ ಓಡಾಡುತ್ತದೆ. ಆದರೆ ಗುಂಡಿಗೊಂದು ಬಣ್ಣದ ದೀಪ ಉರಿಯುವ ಕೀಬೋರ್ಡು ತಂದು ಮೆರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ದಸರಾ ದೀಪ ನೋಡಲು ಅರಮನೆ ಇದೆ. ಇನ್ನು ನಕಲಿನ ಮಾತು: ಒಂದನ್ನು ಎರಡು ಕಡೆ ಇಡಿ, ಆ ಎರಡೂ ಒಂದೇ ಡ್ರಾಯರಿನಲ್ಲಿ ಬೇಡ, ಮತ್ತು ಆ ನಕಲು ಬೇರೆ ಯಂತ್ರದಲ್ಲಿ ಓದಲು ಬರುತ್ತದೆಯೇ ಎಂದು ಕಷ್ಟ ಬರುವ ಮುಂಚೆಯೇ ತೆರೆದು ನೋಡಿ. ಇದನ್ನು ನಮಗೆ ಕಲಿಸಲು ಯಳಂದೂರಿನ ಕೆರೆಗಳೆಲ್ಲ ಚೂರಾಗಬೇಕಾಯಿತು.

ಅವತ್ತು ಮಧ್ಯಾಹ್ನ ಒಂದರ ಸುಮಾರಿಗೆ ಶೈಲಜ ಮಾದೇವಿ ಇಬ್ಬರೂ ಪೇಟೆಯಿಂದ ಮುಖ ಇಳಿಬಿಟ್ಟುಕೊಂಡು ಬಂದರು. ಸಾಫ್ಟ್‌ವೇರು ಎಲ್ಲೂ ಸಿಕ್ಕಿರಲಿಲ್ಲ. ಮಾದೇವಿ ಒಳಗೆ ಕಾಲಿಟ್ಟವಳು ಪರದೆಯ ಮೇಲೆ ಬೆಳಕು ಕಂಡು ಅಲ್ಲೇ ನಿಂತಳು. ಇದು ಎದ್ದು ಎಷ್ಟು ಹೊತ್ತಾಯಿತು ಎಂದು ಶೈಲಜ ಕೇಳಿದಳು. ಎರಡು ಗಂಟೆ, ಮೊರದ ಬೆಳ್ಳುಳ್ಳಿಯೆಲ್ಲ ಮುಗಿಯಿತು ಅಂದೆ. ಅವಳು ಇನ್ನೊಂದು ಮಾತಾಡದೆ ಕುರ್ಚಿ ಎಳೆದು ಕೂತು ತಿದ್ದಲು ಹಿಡಿದಳು. ಪುಟ ಮುಗಿದಂತೆ ಪ್ರಿಂಟರು ಕಕ್ಕಿತು, ಮಾದೇವಿ ಜೋಡಿಸಿದಳು, ನಾನು ಕಾಗದ ಬೀಸಿ ಬೀಸಿ ಕೊಟ್ಟೆ. ಎಷ್ಟೋ ವರ್ಷದ ಮೇಲೆ ಆ ಕೋಣೆ ಮತ್ತೆ ಗಿರಣಿಯಾಯಿತು. ಒಂದು ಕಡೆಯಿಂದ ಹಾಕುವುದು, ಇನ್ನೊಂದು ಕಡೆಯಿಂದ ಬೆಚ್ಚಗೆ ಬಂದದ್ದನ್ನು ಹಿಡಿಯುವುದು. ನನಗಂತೂ ಖುಷಿಯೋ ಖುಷಿ. ಏನು ಮಾಡಿದಿರಿ ಎಂದು ಇಬ್ಬರೂ ಕೇಳಿದಾಗ, ಒಳಗೆ ಧೂಳಿತ್ತು, ಗುಡಿಸಿದೆ ಅಂದೆ. ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ.

ಸಂಜೆ ನಾಲ್ಕಕ್ಕೆ ಕೊನೆಯದಾಗಿ ಕೃತಜ್ಞತೆಯ ಪುಟ ಬಂತು. ಅದರಲ್ಲಿ ಗೈಡು, ಅಪ್ಪ ಅವ್ವ, ಹೆಸರು ಹೇಳಿಕೊಟ್ಟ ಊರಿನವರು, ಎಲ್ಲರ ಕೆಳಗೆ ಮಾದೇವಿ ಹೊಸದಾಗಿ ಒಂದು ಸಾಲು ಸೇರಿಸಿದ್ದಳು. ಓದಿ ಎಂದು ನನ್ನ ಕೈಗೆ ಕೊಟ್ಟಳು. ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದೆ. ಈ ಪ್ರಬಂಧವನ್ನು ಕೊನೆಯ ಗಳಿಗೆಯಲ್ಲಿ ಉಳಿಸಿಕೊಟ್ಟ ಗಿರಣಿ ಅಜ್ಜಿಗೆ ನಾನು ಎಂದೆಂದಿಗೂ ಋಣಿ, ಎಂದಿತ್ತು. ಅಚ್ಚಿನಲ್ಲಿ ನನ್ನನ್ನು ನಾನು ನೋಡಿದ್ದು ಅದೇ ಮೊದಲು. ಸುಮ್ಮನಿದ್ದರೆ ಆಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಪ್ರಸನ್ನ ಬೋರ್ಡು ಅಂದಿದ್ದ, ವಿಭೂತಿ ತುಳಸಿಯ ಬುಡ ಸೇರಿತ್ತು. ಆದರೆ ಆ ಹುಡುಗಿ ಒಂದು ಕೆರೆಯ ಹೆಸರು ಸುಳ್ಳೋ ನಿಜವೋ ಎಂದು ತಿಳಿಯಲು ಮೂರು ಮೂರು ಸಲ ಊರಿಗೆ ಹೋಗಿ ಬಂದವಳು. ಅವಳ ಪುಸ್ತಕದಲ್ಲಿ ನನ್ನದೊಂದು ಸುಳ್ಳು ಕೂತಿರುವುದು ಬೇಡ ಅನ್ನಿಸಿತು.

“ಇದ್ನ ತೆಗ್ದಾಕು. ಉಳ್ಸಿದ್ದೂ ನಾನೇಯ, ಕೆಡ್ಸಿದ್ದೂ ನಾನೇಯ. ಗಾಳಿ ಹೋಗೋ ತೂತ್‌ಗೆ ಈಬೂತಿ ಬಳ್ದಿದ್ದೆ. ಬೆಳಗ್ಗೆ ಕೆರ್ದು ತೆಗ್ದೆ. ಹುಣ್ಣಿಮೆಗ್ ಮುಂಚೇನೇ.”

ಸರಿಯಾಗಿ ಆಗಲೇ ಪ್ರಿಂಟರು ನಿಂತಿತು. ನಾನು ಬೈಗುಳಕ್ಕೆ ಕಾದೆ; ಕೊಟ್ಟು ರೂಢಿಯಿತ್ತು, ತೆಗೆದುಕೊಂಡು ರೂಢಿಯಿರಲಿಲ್ಲ. ಶೈಲಜ ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು:

“ಹಂಗಾರೆ ಬೋರ್ಡ್ ಹೋಗಿರ್ನಿಲ್ಲ. ಅತ್ತೆ ಬಂದಿದ್ರು, ಅಷ್ಟೇಯ.”

ಮಾದೇವಿ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು, ಆಮೇಲೆ ತಡೆಯಲಾಗದೆ ನಕ್ಕಳು. ಶೈಲಜಳೂ ನಕ್ಕಳು, ಮದುವೆಯಾಗಿ ಬಂದು ಹದಿನೆಂಟು ವರ್ಷದಲ್ಲಿ ನನ್ನೆದುರಿಗೆ ನನ್ನ ಮೇಲೆಯೇ ಅವಳು ನಕ್ಕದ್ದು ಅದೇ ಮೊದಲು, ಮತ್ತು ಹೇಳಬೇಕೆಂದರೆ ಅವಳ ನಗು ಚೆನ್ನಾಗಿದೆ. ಸ್ವಲ್ಪ ತಡೆದು ನಾನೂ ಸೇರಿಕೊಂಡೆ. ಮಾದೇವಿ ಆ ಸಾಲು ತೆಗೆಯಲು ಒಪ್ಪಲಿಲ್ಲ, ಕೆಡಿಸಿ ಉಳಿಸಿದ ಎಂದು ತಿದ್ದುತ್ತೇನೆ ಅಂದಳು. ಯೂನಿವರ್ಸಿಟಿಯವರಿಗೆ ನಮ್ಮನೆ ವಿಭೂತಿಯ ಕತೆ ಯಾಕೆ, ತೆಗೆ ಎಂದು ಗದರಿಸಿ ತೆಗೆಸಿದೆ. ಐದಕ್ಕೆ ಕೊನೆಯ ಪ್ರತಿ ಜೋಡಿಸಿ, ಬೈಂಡಿನವರು ಬಾಗಿಲು ಹಾಕುವ ಮುಂಚೆ ಇಬ್ಬರೂ ಆಟೋ ಹತ್ತಿದರು. ಏಳಕ್ಕೆ ಐದು ಪುಸ್ತಕ, ಕಪ್ಪು ರಟ್ಟು, ಚಿನ್ನದ ಅಕ್ಷರ, ನಮ್ಮ ಊಟದ ಮೇಜಿನ ಮೇಲಿದ್ದವು. ನಾನು ಅವಕ್ಕೆ ಕುಂಕುಮ ಇಡಲಿಲ್ಲ. ಕೈ ಹೋಗಿತ್ತು, ಹಿಂದಕ್ಕೆ ಎಳೆದುಕೊಂಡೆ.

ಆಮೇಲೆ ಕೂತು ಯೋಚಿಸಿದೆ. ನಾನೊಬ್ಬಳೇನು, ಆಯುಧಪೂಜೆಗೆ ಬೋಗಾದಿಯ ರಸ್ತೆಯಲ್ಲಿ ಕಂಪ್ಯೂಟರಿಟ್ಟ ಯಾವ ಅಂಗಡಿಯವನು ಸುಮ್ಮನಿದ್ದಾನು? ಪೂಜೆ ಮಾಡಬಾರದು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅನ್ನ ಕೊಡುವುದಕ್ಕೆ ಕೈ ಮುಗಿಯದವರು ಇನ್ಯಾವುದಕ್ಕೆ ಮುಗಿದಾರು? ಆದರೆ ಯಾರನ್ನೇ ಆಗಲಿ ಗೌರವಿಸುವ ಮುಂಚೆ ಅವರು ಎಲ್ಲಿಂದ ಉಸಿರಾಡುತ್ತಾರೆ ಎಂದು ನೋಡಿಕೊಳ್ಳಬೇಕು. ಸೊಸೆಯಂದಿರಿಗೂ ಇದು ಸಲ್ಲುತ್ತದೆ ಎಂದು ತೋರಿತು, ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮಾದೇವಿ ಐದು ಪುಸ್ತಕಗಳನ್ನು ಎದೆಗೆ ಅವಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ನಾನು ಬ್ರಷ್ಷು, ತೆಂಗಿನಕಡ್ಡಿ, ಫೋನು ಮೂರನ್ನೂ ಸೆರಗಿಗೆ ಸಿಕ್ಕಿಸಿಕೊಂಡು ಎದುರಿನ ಮೆಡಿಕಲ್ ಸ್ಟೋರಿಗೆ ಹೊರಟೆ. ಬಿಲ್ಲು ಹಾಕುವ ಕಂಪ್ಯೂಟರಿನ ಡಬ್ಬವನ್ನು ತಿರುಗಿಸಪ್ಪ ಅಂದರೆ ಅಂಗಡಿಯವನು ಒಪ್ಪಲಿಲ್ಲ, ಪೂಜೆಯಾದದ್ದು ಎಂದ. ನನಗೇ ಹೇಳುತ್ತೀಯ ಎಂದು ಕೌಂಟರಿನ ಒಳಗೆ ಹೋಗಿ ಪ್ಲಗ್ಗು ಕಿತ್ತು ನಾನೇ ತಿರುಗಿಸಿದೆ. ಇದ್ದವು, ಮೂರು ಪಟ್ಟೆ, ನನ್ನದಕ್ಕಿಂತ ದಪ್ಪ. ಅರ್ಧ ಕೆರೆದಿದ್ದೆ, ಫೋನು ಹೊಡೆದುಕೊಂಡಿತು. ಮಾದೇವಿ. ಕೈಯೆಲ್ಲ ಬೂದಿ, ಮೊಣಕೈಯಲ್ಲಿ ಒತ್ತಿ ಕಿವಿ ಕೊಟ್ಟೆ. ಐದೂ ತಗೊಂಡರು, ಸೀಲು ಹಾಕಿ ರಸೀತಿ ಕೊಟ್ಟರು ಕಣಜ್ಜಿ ಅಂದಳು, ಹಿಂದೆಯೇ ಅಳುವಂಥದೂ ನಗುವಂಥದೂ ಒಂದು ಸದ್ದು.

“ಒಪ್ಕೊಂಡ್ರಾ? ಸರಿ, ಇಡು. ಕೆಲ್ಸ ಅದೆ” ಅಂದು, ಕಡ್ಡಿಯನ್ನು ಮುಂದಿನ ತೂತಿಗೆ ಇಳಿಸಿದೆ.